ಮಾಗಡಿ ಕೆರೆ: ಹೆಬ್ಬಾತು ಎಬ್ಬಿಸದೆ ನೋಡೋದು, ಸರಿಯಾಗಿ ಎಣಿಸೋದು ಹೇಗೆ?

ಉಣಕಲ್ ಕಟ್ಟೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ಇಲ್ಲಾ ಜನವರಿಯಲ್ಲಿ ಒಂದು ರವಿವಾರ ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗೋದಿದೆ. ನಾಲ್ಕು ಜನ, ಅದರಲ್ಲಿ ಇಬ್ಬರು ಹೈಸ್ಕೂಲ್ ಹುಡುಗರು. ಉಣಕಲ್, ಕೆಲಗೇರಿ ಕೆರೆಗಳಲ್ಲಿ ನಾಮದ ಕೋಳಿ, ನೇರಳೆ ಜಂಬುಕೋಳಿ, ಗುಳುಮುಳುಕ ಗುರುತಿಸುವಷ್ಟು ಅಭ್ಯಾಸ ಇದೆ. ಅಲ್ಲಿ ಹಕ್ಕಿ ಹತ್ತಿಪ್ಪತ್ತು, ಮಾಗಡಿಯಲ್ಲಿ ಚಳಿಗಾಲಕ್ಕೆ ವಲಸೆ ಬರೋ ಪಟ್ಟೆತಲೆ ಹೆಬ್ಬಾತು (ಬಾರ್-ಹೆಡೆಡ್ ಗೂಸ್) ಸಾವಿರದ ಲೆಕ್ಕ. ಅದಕ್ಕೇ ಕೇಳ್ತಿದ್ದೇನೆ.

ಎಷ್ಟು ಹೊತ್ತಿಗೆ ಮುಟ್ಟಬೇಕು? ಕೆಲವರು ನಸುಕಿನಲ್ಲೇ ಇರಿ ಅಂತಾರೆ, ಕೆಲವರು ಹತ್ತರ ಮೇಲೆ ಹೋದರೆ ಎಲ್ಲ ಕೆರೆಯಲ್ಲೇ ಕೂತಿರ್ತಾವೆ ಅಂತಾರೆ. ಒಡ್ಡು ಹತ್ತಿದ ಕೂಡಲೇ ಹಾರಿಹೋಗ್ತಾವೆ ಅನ್ನೋ ದೂರೂ ಇದೆ, ಹಾಗಾದರೆ ಎಷ್ಟು ದೂರ ನಿಲ್ಲಬೇಕು? ದುರ್ಬೀನು 8×42 (ಎಂಟು ಪಟ್ಟು ಹಿಗ್ಗಿಸೋದು, ಮುಂದಿನ ಮಸೂರ 42 ಮಿಲಿಮೀಟರ್) ಸಾಕೋ, 10×50 ಬೇಕೋ? ಕೊನೆಯದು ಎಣಿಕೆ. ಒಂದೇ ದಿನ ಒಬ್ಬರು ಮೂರು ಸಾವಿರ ಅಂತ ಬರೀತಾರೆ, ಇನ್ನೊಬ್ಬರು ಎಂಟು ಸಾವಿರ ಅಂತಾರೆ. ಹುಡುಗರ ಪ್ರಾಜೆಕ್ಟಿಗೆ ಬೇಕಾಗಿರೋದರಿಂದ ಅಂದಾಜಿನ ಮೇಲೆ ಬಿಡೋ ಹಾಗಿಲ್ಲ.

ಶಿರಹಟ್ಟಿ ಸೀಮಿ

ಮೊದಲ ಮ್ಯಾಪಿನ ಮಾತು. ಬರೇ ‘ಮಾಗಡಿ’ ಅಂತ ಹೊಡದ್ರ ಫೋನು ನಿಮ್ಮನ್ನ ಬೆಂಗಳೂರ ಕಡೆ ಕರಕೊಂಡು ಹೊಂಡತೈತಿ. ‘ಮಾಗಡಿ ಕೆರೆ ಶಿರಹಟ್ಟಿ’ ಅಂತ ಹೊಡೀರಿ. ಗದಗದಿಂದ 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8. ಹುಬ್ಬಳ್ಳಿಯವ್ರಿಗೆ ಲಕ್ಷ್ಮೇಶ್ವರದ ಮ್ಯಾಲೆ ಬರೂದು ಸರಳ. ಬಸ್ಸಿನ್ಯಾಗ ಬರೂ ವಿಚಾರ ಇದ್ರ ನಸುಕಿನ ಆಸೆ ಬಿಡ್ರಿ. ಹಿಂದಿನ ರಾತ್ರಿ ಲಕ್ಷ್ಮೇಶ್ವರದಾಗ ಉಳೀರಿ, ಇಲ್ಲಾ ಸಂಜಿ ಪಾಳಿ ಹಿಡೀರಿ.

ಹೊತ್ತಿನ ಬಗ್ಗೆ ಇಬ್ರೂ ಹೇಳಿದ್ದು ಖರೇನ ಐತಿ. ಹೆಬ್ಬಾತಿಗೆ ಕೆರಿ ಅಂದ್ರ ಊಟದ ಮನಿ ಅಲ್ಲ, ಮಲಗೂ ಮನಿ. ಮೇವು ಸುತ್ತಿನ ಹೊಲದಾಗ. ಹೊತ್ತು ಮುಳುಗೂ ಹೊತ್ತಿಗೆ ಎದ್ದು ಹೋಕ್ಕಾವ, ಮೇದು ಮುಂಜಾನಿ ತಂಡ ತಂಡ ಆಗಿ ಹೊಳ್ಳಿ ಬರ್ತಾವ. ಎಲ್ಲಾ ಒಮ್ಮಿಗೇ ಬರೂದಿಲ್ಲ. ಹೊಲದಾಗ ಮಂದಿ ಇಲ್ಲದ ದಿನ ಬಿಸಿಲೇರೂ ತನಕ ಅಲ್ಲೇ ಉಳಿಯೂವು ಇರ್ತಾವ. ಮಧ್ಯಾಹ್ನ ನೀರಿನ ಅಂಚಿಗೆ ಪುಕ್ಕ ತೀಡಿಕೋತ, ಒಂದ ಕಾಲಿನ ಮ್ಯಾಲೆ ನಿದ್ದಿ ಹೊಡೀತಾವ. ಹಾರೂದು, ಇಳಿಯೂದು ನೋಡಬೇಕು ಅಂದ್ರ ಸೂರ್ಯ ಹುಟ್ಟೂಕಿಂತ ಅರ್ಧ ತಾಸು ಮೊದಲ ಅಲ್ಲಿರ್ರಿ. ಜನವರ್ಯಾಗ ಹೊತ್ತು ಹುಟ್ಟೂದು ಏಳರ ಆಜುಬಾಜು, ಮುಳುಗೂದು ಆರೂಕಾಲರ ಸುತ್ತ. ಸುಮ್ನ ಕುಂತು ಮಾರಿ, ಕೊಕ್ಕು, ಕಾಲು ನೋಡಿ ಕಲಿಯೂದಿದ್ರ ಎಂಟೂವರಿಯಿಂದ ಹತ್ತರ ತನಕ ಚೊಲೊ. ಹತ್ತರ ಮ್ಯಾಲೆ ಹಕ್ಕಿ ಇರ್ತಾವ ಖರೆ, ನಡುವ ಬಿಸಿಲಿನ ಝಳ ಕುಣಿಯಾಕ ಹತ್ತತೈತಿ.

ಈಗ ದೂರದ್ದು. ನೂರು ಮೀಟರ್, ಇನ್ನೂರು ಮೀಟರ್ ಅಂತ ಹೇಳಬಹುದು, ಆದ್ರ ಅದರ ಅಳತಿ ಟೇಪಿನ್ಯಾಗಿಲ್ಲ, ಹಕ್ಕಿ ಕುತ್ತಿಗ್ಯಾಗ ಐತಿ. ನಿಶ್ಚಿಂತಿ ಇರೂ ಹೆಬ್ಬಾತು ಕುತ್ತಿಗಿ ಮಡಚಿಕೊಂಡಿರತೈತಿ, ಇಲ್ಲಾ ಕೊಕ್ಕು ಬೆನ್ನಾಗ ಹುಗದಿರತೈತಿ. ಮೊದಲ ಅಂಚಿನ ಎರಡು ಮೂರು ಹಕ್ಕಿ ಕುತ್ತಿಗಿ ಕೋಲಿನಂಗ ನೆಟ್ಟಗ ಮಾಡ್ತಾವ. ಅಲ್ಲೇ ನಿಂದ್ರಬೇಕು. ಆಮ್ಯಾಲೆ ದಂಡ್ಯಾಗಿದ್ದೂವು ಸಾವಕಾಶ ನೀರಿನ ಕಡೆ ನಡಿಯಾಕ ಹತ್ತತಾವ, ಒದರೂದು ಜೋರಾಗತೈತಿ. ಕಡೀಕ ತಲಿ ಝಾಡಿಸಿ ಕೊಕ್ಕು ಎತ್ತಿ ಎತ್ತಿ ಒಂದಕ್ಕೊಂದು ಸನ್ನಿ ಮಾಡ್ತಾವ, ಅದು ‘ಏಳೂಣೇನು’ ಅನ್ನೂ ಮಾತು. ಅಲ್ಲಿಗೆ ಮುಟ್ಟಿದ್ರ ನಿಮ್ಮ ಕೆಲಸ ಕೆಟ್ಟಂಗ. ಒಂದು ತಂಡ ಎದ್ರ ಬಾಜೂದೂ ಏಳತೈತಿ, ಎರಡು ಸಾವಿರ ಹಕ್ಕಿ ಮ್ಯಾಲೆ ಸುತ್ತಾಕ ಹತ್ತಿದ್ರ ಅವತ್ತಿನ ಎಣಿಕಿ ಮುಗೀತು.

ಒಡ್ಡಿನ ತ್ರಾಸ ಏನಂದ್ರ, ಅದರ ನೆತ್ತಿ ಮ್ಯಾಲೆ ನಿಂತ ಮನಿಷಾ ಬಯಲ ಆಕಾಶಕ್ಕ ಎದುರಾಗಿ ಕರ್ರಗ ಕಾಣತಾನ. ಕೆರಿಯೊಳಗಿನ ಎಲ್ಲಾ ಹಕ್ಕಿಗೂ ಒಮ್ಮಿಗೇ ಕಾಣತಾನ. ಒಡ್ಡಿನ ಹೊರಮೈಗುಂಟ ಕೆಳಗ ನಡಕೋತ ಹೋಗಿ, ಬೇಕಾದ ಜಾಗಾದಾಗ ಬಗ್ಗಿ ಮ್ಯಾಲೆ ಬಂದು, ಹಿಂದ ಜಾಲಿ ಕಂಟಿನೋ ಗಿಡಾನೋ ಇರೂ ಕಡೆ ಕುಂದರ್ರಿ. ನೀವು ನಿಂತಿದ್ದಕಿಂತ ಕುಂತಾಗ ಅವು ಅರ್ಧಕ್ಕರ್ಧ ಹೆಚ್ಚು ಸೈರಣಿ ಮಾಡ್ತಾವ. ಹುಡುಗ್ರಿಗೆ ಬಿಳಿ ಅಂಗಿ ಬ್ಯಾಡ. ಬೈಕಿನ ಮ್ಯಾಲೆ, ಚಕ್ಕಡಿ ಮ್ಯಾಲೆ ಹೋಗೂ ರೈತನ್ನ ಕಂಡು ಅವು ಏಳೂದಿಲ್ಲ, ದಿನಾ ನೋಡಿದ್ದು. ನಿಂತು, ಬೊಟ್ಟು ಮಾಡಿ, ಅವುಗಳ ಕಡೆ ನೆಟ್ಟಗ ನಡಕೊಂಡು ಬರೂವನ್ನ ಕಂಡ ಏಳ್ತಾವ. ಅದಕ್ಕ ಸನ್ಯಾಕ ಹೋಗೂದಿದ್ರ ಓರೆಯಾಗಿ ಹೋಗ್ರಿ.

ಹೊಲದಾಗ ಮೇಯೂದು ನೋಡಾಕ ಹೋಗೂವ್ರಿಗೆ ಎರಡು ಮಾತು. ಹಿಂಗಾರಿ ಕಡ್ಲಿ, ಬಿಳಿಜ್ವಾಳ, ಗೋದಿ ಎಳೀದು ಇರೂ ಹೊತ್ತದು, ರೈತನ್ನ ಕೇಳದ ಬದು ದಾಟಬ್ಯಾಡ್ರಿ. ಬದುವಿಗೆ ಕುಸುಬಿ ಸಾಲು ಇದ್ರ ಮುಳ್ಳು ಪ್ಯಾಂಟಿನ್ಯಾಗಿಂದ ಒಳಗ ಬರ್ತಾವ. ಹಿಂದಿನ ದಿನ ಮಳಿ ಆಗಿದ್ರ ಎರಿ ಹೊಲದ ದಾರ್‍ಯಾಗ ಬೈಕು ಹಾಕಲೇಬ್ಯಾಡ್ರಿ. ಮಣ್ಣು ಮಡ್‌ಗಾರ್ಡಿನ್ಯಾಗ ತುಂಬಿ ಗಾಲಿ ತಿರಗೂದ ನಿಂದರತೈತಿ, ಕಟಗಿಲೆ ಕೆತ್ತಿ ತಗೀಬೇಕು.

ಎಂಟು-ನಲವತ್ತೆರಡು (ಧಾರವಾಡ)

ಶಿರಹಟ್ಟಿಯವರು ಹೇಳಿದ್ದಕ್ಕೆ ಬೆಳಕು, ಗಾಳಿಯ ವಿಚಾರ ಸೇರಿಸುತ್ತೇನೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಹುಟ್ಟಿ, ಇಡೀ ದಿನ ದಕ್ಷಿಣಕ್ಕೆ ವಾಲಿಕೊಂಡೇ ಸಾಗಿ, ನೈಋತ್ಯಕ್ಕೆ ಮುಳುಗುತ್ತಾನೆ. ಅಂದರೆ ಯಾವುದೇ ಕೆರೆಯಾಗಲಿ, ಡಿಸೆಂಬರ್ ಜನವರಿಯಲ್ಲಿ ಅದರ ದಕ್ಷಿಣ ದಂಡೆಯಲ್ಲಿ ಕೂತು ಉತ್ತರಕ್ಕೆ ನೋಡಿದರೆ ದಿನದ ಬಹುಪಾಲು ಬೆಳಕು ನಿಮ್ಮ ಬೆನ್ನಿಗಿರುತ್ತದೆ. ಮುಂಜಾನೆಗೆ ಮೂಡಲ ದಂಡೆ, ಸಂಜೆಗೆ ಪಡುವಲ ದಂಡೆ. ಎದುರು ಬಿಸಿಲಿಗೆ ಕೂತರೆ ಹೆಬ್ಬಾತೂ ವರಟೆ ಬಾತೂ ಒಂದೇ ಕಪ್ಪು ಬೊಂಬೆ.

ಹೆಬ್ಬಾತು ಇಳಿಯುವುದು ಯಾವಾಗಲೂ ಗಾಳಿಗೆ ಮುಖ ಮಾಡಿ. ನಮ್ಮ ಕಡೆ ಚಳಿಗಾಲದಲ್ಲಿ ಹೆಚ್ಚಾಗಿ ಮೂಡಗಾಳಿ. ಹಾಗಾಗಿ ಮುಂಜಾನೆ ಮೂಡಲಲ್ಲಿ ಕೂತವರಿಗೆ ಬೆಳಕೂ ಬೆನ್ನಿಗೆ, ಇಳಿಯುವ ಹಕ್ಕಿಯೂ ಮುಖಾಮುಖಿ. ಫೋಟೋದವರು ಈ ಒಂದು ಮಾತು ನೆನಪಿಟ್ಟರೆ ಹಕ್ಕಿಯ ಹಿಂದೆ ಓಡುವುದು ಅರ್ಧ ಕಡಿಮೆಯಾಗುತ್ತದೆ.

ದುರ್ಬೀನು: 8×42. 10×50 ತಗೊಂಡರೆ ನಸುಕಿನಲ್ಲಿ ಹೆಚ್ಚು ಬೆಳಕು ಸಿಗುತ್ತದೆ ಅನ್ನುವುದು ಅಂಗಡಿಯ ಮಾತು. ಮುಂದಿನ ಮಸೂರದ ಅಗಲವನ್ನು ಹಿಗ್ಗಿಸುವ ಸಂಖ್ಯೆಯಿಂದ ಭಾಗಿಸಿ: 42ನ್ನು 8ರಿಂದ ಭಾಗಿಸಿದರೆ 5.25 ಮಿಲಿಮೀಟರ್, 50ನ್ನು 10ರಿಂದ ಭಾಗಿಸಿದರೆ 5. ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬಿಯ ದಪ್ಪ ಅದು. ಎರಡೂ ಹೆಚ್ಚುಕಡಿಮೆ ಒಂದೇ. 10×50ರಲ್ಲಿ ನಿಮಗೆ ಹೆಚ್ಚಾಗಿ ಸಿಗುವುದು ತೂಕ ಮತ್ತು ಕೈನಡುಕ. ನೋಟದ ಅಗಲವೂ ಕಡಿಮೆ, ಹಾರುವ ತಂಡವನ್ನು ಹಿಡಿಯುವುದು ಹುಡುಗರಿಗೆ ಕಷ್ಟ. ಅಗ್ಗಕ್ಕೆ ಸಿಗುವ 20×, 30× ಅಂತ ಬರೆದ ಕೈದುರ್ಬೀನು, ಝೂಮ್ ದುರ್ಬೀನು ಮುಟ್ಟಲೇಬೇಡಿ.

ಕೊಂಡ ಮೇಲೆ ಹೊಂದಿಸುವುದನ್ನು ಹತ್ತರಲ್ಲಿ ಎಂಟು ಜನ ಮಾಡುವುದಿಲ್ಲ, ಆಮೇಲೆ ತಲೆನೋವು ಅಂತಾರೆ. ಎರಡು ಕೊಳವೆಗಳನ್ನು ಅಗಲಿಸಿ ಕೂಡಿಸಿ, ಕಾಣುವ ವೃತ್ತ ಒಂದೇ ಆಗುವಂತೆ ಮಾಡಿ. ಬಲ ಮಸೂರವನ್ನು ಅಂಗೈಯಿಂದ ಮುಚ್ಚಿ ದೂರದ ಬೋರ್ಡಿನ ಅಕ್ಷರವನ್ನು ನಡುವಿನ ಗಾಲಿ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡ ಮಸೂರ ಮುಚ್ಚಿ, ಗಾಲಿ ಮುಟ್ಟದೆ, ಬಲಗಣ್ಣಿನ ಕಡೆಯ ಉಂಗುರ ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಉಂಗುರ ನಿಂತ ಗುರುತು ನೆನಪಿಡಿ. ಮುಂದೆ ಗಾಲಿ ಒಂದೇ ಸಾಕು. ಕನ್ನಡಕದವರು ಕಣ್ಣಿನ ಕಡೆಯ ರಬ್ಬರ್ ಕಪ್ ಒಳಗೆ ತಿರುಗಿಸಿ ಇಳಿಸಬೇಕು, ಕನ್ನಡಕ ಇಲ್ಲದವರು ಹೊರಗೆ. ಕೆರೆದಂಡೆಯ ಧೂಳು ಮಸೂರಕ್ಕೆ ಕೂತರೆ ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಒರೆಸಿ. ಅಂಗಿಯ ತುದಿಯಿಂದ ಒರೆಸಿದರೆ ಎರೆಮಣ್ಣಿನ ಹರಳು ಗೀರಿಬಿಡುತ್ತದೆ.

ಎಣಿಕೆ ಮಾಡುವುದಿದ್ದರೆ ಒಂದು ಸ್ಕೋಪ್ (ಟ್ರೈಪಾಡಿನ ಮೇಲಿಟ್ಟು ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ) ಎರವಲು ಸಿಗುತ್ತದಾ ನೋಡಿ. 20–60× ಅಂತ ಬರೆದಿದ್ದರೂ ಕೆಲಸ ನಡೆಯುವುದು 20ರಿಂದ 30ರಲ್ಲೇ. ಬಿಸಿಲೇರಿದ ಮೇಲೆ 60ಕ್ಕೆ ತಿರುಗಿಸಿದರೆ ದೊಡ್ಡದಾಗುವುದು ಹಕ್ಕಿಯಲ್ಲ, ಝಳ. ಟ್ರೈಪಾಡಿನ ಕಾಲು ಪೂರ್ತಿ ಎಳೆಯದೆ ಕೂತ ಎತ್ತರಕ್ಕೆ ಇಡಿ, ನಡುಗಂಬಕ್ಕೆ ನೀರಿನ ಬಾಟಲಿಯ ಚೀಲ ನೇತುಹಾಕಿ. ಗಾಳಿಗೆ ಅಲುಗುವುದು ನಿಲ್ಲುತ್ತದೆ.

ಲೆಕ್ಕದ ಪುಸ್ತಕ (ಗದಗ)

ಮೂರು ಸಾವಿರ, ಎಂಟು ಸಾವಿರ ಎರಡೂ ಸರಿ ಇರಬಹುದು, ಎರಡೂ ತಪ್ಪಿರಬಹುದು. ಎಷ್ಟು ಹೊತ್ತಿಗೆ ಎಣಿಸಿದರು, ಯಾವ ಮೂಲೆಯಿಂದ, ಹೇಗೆ ಅಂತ ಬರೆಯದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಒಂದು ಅಂದಾಜು ಕೈಯಲ್ಲಿರಲಿ. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಕೆರೆ, ಜೌಗುಗಳ ಪಟ್ಟಿ) ಸೇರಿದಾಗ ಕೊಟ್ಟ ವಿವರದಲ್ಲಿ ಇದ್ದದ್ದು: ಕೆರೆಯ ವಿಸ್ತಾರ ಸುಮಾರು 50 ಹೆಕ್ಟೇರು, 166ಕ್ಕೂ ಹೆಚ್ಚು ಜಾತಿಯ ಹಕ್ಕಿ, ಅದರಲ್ಲಿ 130 ವಲಸೆಯವು, ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತು ಸುಮಾರು 8,000. ನಿಮ್ಮ ಮೊತ್ತ 20,000 ಬಂದರೆ ಹಕ್ಕಿಯನ್ನಲ್ಲ, ನಿಮ್ಮ ಲೆಕ್ಕವನ್ನು ಅನುಮಾನಿಸಿ. ಒಂದು ಜಾತಿಯ ಒಟ್ಟು ಸಮುದಾಯದ ನೂರರಲ್ಲಿ ಒಂದು ಪಾಲು ನಿಯಮಿತವಾಗಿ ಒಂದು ಕೆರೆಗೆ ಬಂದರೆ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ್ದು ಅನ್ನುವುದು ರಾಮ್ಸಾರಿನ ಅಳತೆಗೋಲುಗಳಲ್ಲಿ ಒಂದು. ಎಣಿಕೆಯನ್ನು ಹುಡುಗಾಟ ಮಾಡಬಾರದು ಅನ್ನುವುದು ಅದಕ್ಕೇ.

ಕೂತ ಹಕ್ಕಿ ಎಣಿಸುವ ಕ್ರಮ. ಮೊದಲು ಕೆರೆಯನ್ನು ಕಣ್ಣಳತೆಯಲ್ಲಿ ತುಂಡು ಮಾಡಿ. ಆ ಬೇವಿನ ಮರದಿಂದ ತೂಬಿನವರೆಗೆ ಒಂದು, ತೂಬಿನಿಂದ ಲೈಟ್ ಕಂಬದವರೆಗೆ ಎರಡು, ಹೀಗೆ. ಅಲುಗದ ಗುರುತೇ ಬೇಕು. ಎಮ್ಮೆಯನ್ನು ಗಡಿ ಮಾಡಿಕೊಂಡರೆ ಅದು ಎದ್ದು ಹೋಗುತ್ತದೆ. ತುಂಡಿನ ಎಡತುದಿಯಿಂದ ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಮನಸ್ಸಿನಲ್ಲಿ ಚೌಕಟ್ಟು ಹಾಕಿ, ಅಂಥ ಐದು ಚೌಕ ಸೇರಿಸಿ ಐವತ್ತರದೊಂದು ಮಾಡಿಕೊಳ್ಳಿ. ಈಗ ಐವತ್ತರ ಚೌಕವನ್ನೇ ಬಲಕ್ಕೆ ಇಡುತ್ತಾ ಹೋಗಿ. 14 ಚೌಕ ಬಂದರೆ 700. ಅದನ್ನು 712 ಅಂತ ಬರೆಯಬೇಡಿ, ಅಷ್ಟು ನಿಖರತೆ ಈ ವಿಧಾನದಲ್ಲಿಲ್ಲ. ಹಿಂಡಿನ ದಟ್ಟಣೆ ಬದಲಾದ ಕಡೆ ಹೊಸದಾಗಿ ಹತ್ತು ಎಣಿಸಿ ಚೌಕ ತಿದ್ದಿಕೊಳ್ಳಬೇಕು. ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ: ಅಂಚಿನಲ್ಲಿ ಹಕ್ಕಿ ತೆಳ್ಳಗೆ ಕೂತಿರುತ್ತವೆ, ಅಲ್ಲಿ ಹಾಕಿದ ಚೌಕವನ್ನೇ ನಡುವಿಗೂ ಇಟ್ಟರೆ ಮೊತ್ತ ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು ತಪ್ಪು ಎತ್ತರದ್ದು. ನೀರಿನ ಮಟ್ಟದಲ್ಲಿ ಕೂತರೆ ಮುಂದಿನ ಸಾಲು ಹಿಂದಿನ ಸಾಲನ್ನು ಮುಚ್ಚುತ್ತದೆ. ಮೈ ಎಣಿಸದೆ ತಲೆ ಎಣಿಸಿ. ಮಲಗಿದ್ದಕ್ಕೆ ತಲೆಯೂ ಕಾಣುವುದಿಲ್ಲ, ಹಾಗಾಗಿ ದಟ್ಟ ಹಿಂಡಿನಲ್ಲಿ ನಮ್ಮ ಸಂಖ್ಯೆ ಯಾವಾಗಲೂ ಕಡಿಮೆಯೇ ಬೀಳುತ್ತದೆ ಅಂತ ತಿಳಿದಿರಿ. ಒಡ್ಡಿನ ನೆತ್ತಿ ಬೇಡ ಅಂದರು ಶಿರಹಟ್ಟಿಯವರು. ಒಪ್ಪುವ ಮಾತೇ, ಆದರೆ ನೆತ್ತಿಗಿಂತ ಎರಡಡಿ ಕೆಳಗೆ ಕೂತು ತಲೆ ಮಾತ್ರ ಮೇಲಿಟ್ಟರೆ ಎತ್ತರವೂ ಸಿಗುತ್ತದೆ, ಹಕ್ಕಿಗೂ ನೀವು ಕಾಣುವುದಿಲ್ಲ.

ಇಬ್ಬರು ಹುಡುಗರಿದ್ದಾರಲ್ಲ, ಬೇರೆ ಬೇರೆ ಎಣಿಸಲಿ, ಮುಗಿಯುವ ತನಕ ಒಬ್ಬರಿಗೊಬ್ಬರು ಸಂಖ್ಯೆ ಹೇಳಬಾರದು. ಹೇಳಿದರೆ ಎರಡನೆಯವನ ಕಣ್ಣು ಮೊದಲನೆಯವನ ಸಂಖ್ಯೆಗೇ ವಾಲುತ್ತದೆ. ಇಬ್ಬರೂ ಮೂರು ಸಲ ಎಣಿಸಿ, ಆರೂ ಸಂಖ್ಯೆ ಬರೆದಿಡಲಿ. ಎರಡರ ನಡುವೆ ಕಾಲುಪಾಲಿಗಿಂತ ಹೆಚ್ಚು ಅಂತರ ಬಂದ ತುಂಡನ್ನು ಮಾತ್ರ ಮತ್ತೆ ಎಣಿಸಿದರೆ ಸಾಕು. ಜೊತೆಗೆ ಪ್ರತಿ ತುಂಡಿನ ಫೋಟೋ ಇರಲಿ, ಒಂದರ ಬಲ ಅಂಚು ಮುಂದಿನದರ ಎಡ ಅಂಚಿನೊಳಗೆ ಸ್ವಲ್ಪ ನುಗ್ಗುವಂತೆ. ಮನೆಗೆ ಬಂದು ಫೋಟೋದ ಮೇಲೆ ಗೆರೆ ಎಳೆದು ಚೌಕ ಮಾಡಿ ಒಂದೊಂದು ಹಕ್ಕಿಗೂ ಚುಕ್ಕೆ ಇಟ್ಟು ಎಣಿಸಿ ನೋಡಿ. ತಮ್ಮ ಕಣ್ಣು ಎಷ್ಟು ತಪ್ಪಿತು ಅಂತ ಪಕ್ಕದಲ್ಲಿ ಬರೆದರೆ, ನನ್ನ ಪ್ರಕಾರ ಪ್ರಾಜೆಕ್ಟಿನಲ್ಲಿ ಓದಬೇಕಾದ ಪುಟ ಅದೊಂದೇ.

ಸಂಜೆ ಹೊರಡುವಾಗಿನ ಎಣಿಕೆ ಇದಕ್ಕಿಂತ ಸಾಚಾ. ತಂಡ ಸಣ್ಣದು, ಆಕಾಶದ ಬಯಲು, ಮುಚ್ಚುವುದೇನಿಲ್ಲ. ಐದರಿಂದಲೇ ಕೂರಿ. ಒಬ್ಬರು ಎಣಿಸಿ ಹೇಳುವುದು, ಒಬ್ಬರು ಬರೆಯುವುದು. ಹಾಳೆಯಲ್ಲಿ ನಾಲ್ಕು ಕಂಬ: ವೇಳೆ (ಐದೈದು ನಿಮಿಷದ ಗಂಟು), ದಿಕ್ಕು, ಹೋದವು, ಹೊಳ್ಳಿ ಬಂದವು. ಕೊನೆಯ ಕಂಬ ಬಿಟ್ಟವರೇ ಎಂಟು ಸಾವಿರವನ್ನು ಹನ್ನೆರಡು ಮಾಡುವುದು. ಎದ್ದ ತಂಡ ಒಂದು ಸುತ್ತು ಹೊಡೆದು ಅದೇ ನೀರಿಗೆ ಇಳಿದಿರುತ್ತದೆ, ಮತ್ತೆ ಎದ್ದಾಗ ಮತ್ತೆ ಲೆಕ್ಕಕ್ಕೆ ಬರುತ್ತದೆ. ಬೆಳಕು ಪೂರ್ತಿ ಹೋಗುವ ಮುಂಚೆ ನೀರಿನಲ್ಲಿ ಉಳಿದದ್ದನ್ನು ಒಮ್ಮೆ ಎಣಿಸಿ ಕೂಡಿಸಿ.

ಹತ್ತಿರದ ಶೆಟ್ಟಿಕೆರೆಯನ್ನೂ ಅದೇ ದಿನ ಸೇರಿಸುವುದಿದ್ದರೆ ಎರಡು ಕಡೆ ಒಂದೇ ವೇಳೆಗೆ ಎರಡು ತಂಡ ಕೂರಬೇಕು. ಮುಂಜಾನೆ ಇಲ್ಲಿ, ಮಧ್ಯಾಹ್ನ ಅಲ್ಲಿ ಎಣಿಸಿ ಕೂಡಿಸಿದರೆ ಅದೇ ಹಕ್ಕಿ ಎರಡು ಸಲ. ನೀರುಹಕ್ಕಿಗಳ ಏಷ್ಯಾ ಗಣತಿ 1987ರಿಂದ ಪ್ರತಿ ಜನವರಿ ಮಧ್ಯಭಾಗದಲ್ಲಿ ನಡೆಯುವುದು ಇದೇ ಕಾರಣಕ್ಕೆ. ಆ ಹೊತ್ತಿಗೆ ವಲಸೆಯ ಹಕ್ಕಿ ಬಂದು ನೆಲೆ ನಿಂತಿರುತ್ತವೆ, ಎಲ್ಲೆಡೆ ಒಟ್ಟಿಗೆ ಎಣಿಸಬಹುದು. ನಿಮ್ಮ ರವಿವಾರವನ್ನು ಜನವರಿ ಎರಡನೆಯ ಅಥವಾ ಮೂರನೆಯ ವಾರಕ್ಕೆ ಹೊಂದಿಸಿಕೊಂಡರೆ ಹುಡುಗರ ಸಂಖ್ಯೆಗೆ ಹೋಲಿಸಲು ಜೊತೆ ಸಿಗುತ್ತದೆ. ಹಕ್ಕಿ ದಾಖಲಿಸುವ ಜಾಲತಾಣ ಈಬರ್ಡ್‌ಗೆ ಹಾಕುವಾಗ ಶುರುವಾದ ವೇಳೆ, ಎಷ್ಟು ನಿಮಿಷ, ಎಷ್ಟು ನಡೆದಿರಿ ಮೂರನ್ನೂ ತುಂಬಿ.

ಉಣಕಲ್ ಕಟ್ಟೆ (ಹುಬ್ಬಳ್ಳಿ)

ಎಲ್ಲರಿಗೂ ಭಾಳ ಉಪಕಾರ ಆಯ್ತು. 8×42 ಅಂತ ನಿರ್ಧಾರ. ಎರಡು ಸಣ್ಣ ಪ್ರಶ್ನೆ ಉಳಿದವು. ಹೆಬ್ಬಾತಿನ ಜೊತೆ ಬೇರೆ ಬಾತು ಬೆರೆತಿದ್ದರೆ ದೂರದಿಂದ ಬಿಡಿಸೋದು ಹೇಗೆ? ಮತ್ತೆ ಕೊರಳಿಗೆ ಪಟ್ಟಿ ಇರೋ ಹೆಬ್ಬಾತು ಬರ್ತಾವಂತೆ, ಕಂಡರೆ ಏನು ಬರ್ಕೋಬೇಕು?

ಕೆಲಗೇರಿ ದಂಡೆ

ದೂರದಿಂದ ಬಣ್ಣಕ್ಕಿಂತ ಕೂತ ರೀತಿ ನೋಡಿ. ಹೆಬ್ಬಾತು 71–76 ಸೆಂಟಿಮೀಟರ್ ಉದ್ದದ, ಎರಡು ಮೂರು ಕಿಲೋ ತೂಗುವ ಹಕ್ಕಿ. ನೆಲದ ಮೇಲೆ ಉದ್ದ ಕಾಲಲ್ಲಿ ಎತ್ತರ ನಿಂತು ಕುರಿಯ ಹಾಗೆ ಮೇಯುತ್ತದೆ. ಮೈ ಬೂದಿ, ತಲೆ ಬಿಳಿ, ಹಿಂದಲೆಗೆ ಅಡ್ಡಡ್ಡ ಎರಡು ಕಪ್ಪು ಪಟ್ಟೆ, ಬಿಳಿ ಗೆರೆಯೊಂದು ಕತ್ತಿನ ಪಕ್ಕಕ್ಕೆ ಇಳಿದಿರುತ್ತದೆ. ಕೊಕ್ಕು ಕಿತ್ತಳೆ ಹಳದಿ, ತುದಿ ಕಪ್ಪು. ಹಾರುವಾಗ ರೆಕ್ಕೆಯ ಮುಂಭಾಗ ತಿಳಿ ಬೂದಿ, ಹಿಂಭಾಗ ಕಪ್ಪು.

ತಪ್ಪಾಗುವುದು ಮುಖ್ಯವಾಗಿ ಬ್ರಾಹ್ಮಿಣಿ ಬಾತಿನ ಜೊತೆ, ನಮ್ಮ ಕಾವ್ಯದ ಚಕ್ರವಾಕ. ಅದರ ಮೈ ಪೂರ್ತಿ ಕಾವಿ ಬಣ್ಣ, ತಲೆ ಕೆನೆ ಬಣ್ಣ, ಕೊಕ್ಕು ಕಾಲು ಕಪ್ಪು. ಎದುರು ಬಿಸಿಲಿಗೆ ಕಾವಿ ಕಾಣದಿದ್ದರೆ ಹಾರುವ ತನಕ ಕಾಯಿರಿ. ರೆಕ್ಕೆಯಲ್ಲಿ ದೊಡ್ಡ ಬಿಳಿ ತೇಪೆ ಮಿಂಚುತ್ತದೆ, ಹೆಬ್ಬಾತಿಗೆ ಅದಿಲ್ಲ. ಹೆಚ್ಚಾಗಿ ಜೋಡಿ ಜೋಡಿಯಾಗಿ ಪಕ್ಕಕ್ಕೆ ಇರುತ್ತವೆ. ಉಳಿದವು ಗಾತ್ರದಲ್ಲೇ ಬೇರೆಯಾಗುತ್ತವೆ. ಸೂಜಿಬಾಲದ ಬಾತಿಗೆ ಬಾಲವೇ ಗುರುತು. ಚಲುಕದ ಬಾತು ಅಗಲ ಕೊಕ್ಕು ನೀರಿಗಿಟ್ಟು ಬಾಚುತ್ತಾ ಸುತ್ತು ಹೊಡೆಯುತ್ತದೆ. ವರಟೆಯ ಕರಿ ಕೊಕ್ಕಿನ ತುದಿ ಹಳದಿ. ನಾಮದ ಕೋಳಿ, ನೀರುಕಾಗೆ, ಗುಳುಮುಳುಕ ಮುಳುಗಿ ಏಳುವ ಗಿರಾಕಿಗಳು, ಒಂದು ನಿಮಿಷ ಬಿಟ್ಟು ಎರಡನೆಯ ಸಲ ಎಣಿಸಿ ದೊಡ್ಡ ಸಂಖ್ಯೆ ಇಟ್ಟುಕೊಳ್ಳಿ. ಅಂಚಿನ ಕೆಸರಲ್ಲಿ ಬಣ್ಣದ ಕೊಕ್ಕರೆ, ಕರಿತಲೆ ಕೆಂಬರಲು, ಮೆಟ್ಟುಗಾಲು ಹಕ್ಕಿ, ಗೊರವಗಳು ಸಿಗುತ್ತವೆ. ಕೆರೆ ಪೂರ್ತಿ ತುಂಬಿದ ವರ್ಷ ಅಂಚಿನ ಕೆಸರು ನೀರಡಿ ಹೋಗುವುದರಿಂದ ಗೊರವ ಕಡಿಮೆ. ಕೆರೆ ಬತ್ತಿದ ವರ್ಷ ಹೆಬ್ಬಾತೇ ಬೇರೆ ಕೆರೆ ಹುಡುಕಿಕೊಳ್ಳುತ್ತದೆ. ಹೋಗುವ ವಾರದಲ್ಲಿ ನೀರು ಎಷ್ಟಿದೆ ಅಂತ ಊರವರನ್ನು ವಿಚಾರಿಸಿಯೇ ಹೊರಡಿ.

ಹುಡುಗರಿಗೆ ಇನ್ನೊಂದು ಕೆಲಸ ಹಚ್ಚಬಹುದು. ಆ ವರ್ಷದ ಮರಿಗಳಿಗೆ ತಲೆಯ ಪಟ್ಟೆ ಇರುವುದಿಲ್ಲ. ನೆತ್ತಿ, ಹಿಂಗತ್ತು ಮಬ್ಬು ಕಂದು, ಮುಖ ಮಾತ್ರ ಬಿಳಿ. 200–300 ಹಕ್ಕಿಯನ್ನು ಸ್ಕೋಪಿನಲ್ಲಿ ಒಂದೊಂದಾಗಿ ನೋಡಿ ಪಟ್ಟೆ ಇದ್ದದ್ದು, ಇಲ್ಲದ್ದು ಅಂತ ಎರಡು ಸಾಲಿನಲ್ಲಿ ಗೆರೆ ಹಾಕುತ್ತಾ ಹೋದರೆ, ಮಂಗೋಲಿಯಾ, ಟಿಬೆಟ್ ಕಡೆ ಹಿಂದಿನ ಬೇಸಿಗೆಯಲ್ಲಿ ಮರಿ ಎಷ್ಟು ಉಳಿದವು ಅನ್ನುವ ಸುಳಿವು ಶಿರಹಟ್ಟಿಯಲ್ಲಿ ಕೂತೇ ಸಿಗುತ್ತದೆ. ಕುಟುಂಬಗಳು ಒಟ್ಟಿಗೇ ಇರುವುದರಿಂದ ಮರಿ ಒಂದೇ ಕಡೆ ಗುಂಪಾಗಿರುತ್ತವೆ. ಹಾಗಾಗಿ ಒಂದು ಮೂಲೆಯಲ್ಲೇ 300 ನೋಡಬೇಡಿ, ಹಿಂಡಿನ ಐದಾರು ಕಡೆ ಐವತ್ತೈವತ್ತು ನೋಡಿ. ಚಳಿಗಾಲ ಕಳೆದಂತೆ ಈ ಗುರುತು ಮಸುಕಾಗುತ್ತದೆ, ಡಿಸೆಂಬರ್ ಒಳ್ಳೆಯದು.

ಕೊರಳಪಟ್ಟಿ: ಹಕ್ಕಿ ಎಲ್ಲಿಂದೆಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಸಂಶೋಧಕರು ಮಂಗೋಲಿಯಾದಲ್ಲಿ ಹಸಿರು ಪಟ್ಟಿಯ ಮೇಲೆ ಬಿಳಿ ಅಕ್ಷರ, ಅಂಕಿ ಬರೆದು ಹಾಕಿದ್ದಾರೆ, ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಬರೆದುಕೊಳ್ಳಬೇಕಾದ್ದು ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಮೇಲಿಂದ ಕೆಳಕ್ಕೆ ಅಕ್ಷರಗಳ ಸಾಲು, ದಿನ, ವೇಳೆ, ಕೆರೆಯೋ ಹೊಲವೋ, ಹಿಂಡಿನ ಗಾತ್ರ. ಸ್ಕೋಪಿನ ಕಣ್ಣಿಗೆ ಫೋನ್ ಹಿಡಿದು ಸಾಲಾಗಿ ಹತ್ತು ಫೋಟೋ ತೆಗೆಯಿರಿ, ಹಕ್ಕಿ ತಲೆ ತಿರುಗಿಸಿದಾಗ ಯಾವುದಾದರೂ ಒಂದರಲ್ಲಿ ಪೂರ್ತಿ ಬರುತ್ತದೆ. ಅರ್ಧ ಕಂಡ ಅಕ್ಷರವನ್ನು ಊಹಿಸಿ ತುಂಬಬೇಡಿ. ಶೂನ್ಯವೋ, ಇಂಗ್ಲಿಷಿನ ‘ಓ’ ಅಕ್ಷರವೋ ಗೊತ್ತಾಗದಿದ್ದರೆ ಹಾಗೆಂದೇ ಬರೆಯಿರಿ. ತಪ್ಪು ಸಂಖ್ಯೆ ಬೇರೆ ಯಾವುದೋ ಹಕ್ಕಿಯ ಪ್ರಯಾಣಕ್ಕೆ ಹೋಗಿ ಸೇರಿಕೊಳ್ಳುತ್ತದೆ.

ಹೆಗ್ಗೇರಿ (ಹಾವೇರಿ)

ಸ್ಕೋಪ್ ಇಲ್ಲದಿದ್ದರೂ ನಡೆಯುತ್ತದೆ, ಅದಿಲ್ಲದೆ ಎಣಿಕೆ ಆಗೋದೇ ಇಲ್ಲ ಅಂತ ಹುಡುಗರು ತಿಳಿಯಬಾರದು. ಸಂಜೆಯ ಎಣಿಕೆಗೆ 8×42 ಬೇಕಾದಷ್ಟಾಯಿತು. ಸ್ಕೋಪಿನ ಸಣ್ಣ ಕಿಂಡಿಯಲ್ಲಿ ಹಾರುವ ತಂಡ ಹಿಡಿಯೋಕೆ ಹೋದರೆ ಮೂರು ತಂಡ ತಪ್ಪಿಹೋಗಿರುತ್ತವೆ.

ಡ್ರೋನ್ ವಿಚಾರ ಯಾರೂ ಎತ್ತಲಿಲ್ಲ. ‘ಮೇಲಿಂದ ಫೋಟೋ ತೆಗೆದು ಎಣಿಸೋಣ’ ಅನ್ನೋರು ಇದ್ದೇ ಇರ್ತಾರೆ. ಇದು ಸಂರಕ್ಷಣಾ ಮೀಸಲು, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಚೀಲದಿಂದ ಹೊರಗೇ ತೆಗೆಯಬೇಡಿ. ಮೇಲಿಂದ ಬರೋದೆಲ್ಲ ನೀರುಹಕ್ಕಿಗೆ ಹದ್ದೇ. ಜೌಗಿನ ಸೆಳೆವ ಅನ್ನೋ ಬೇಟೆಹಕ್ಕಿ ಒಂದು ಸುತ್ತು ಬಂದರೆ ಸಣ್ಣ ಬಾತುಗಳೆಲ್ಲ ಏಳೋದು ನೋಡಿದರೆ ತಿಳಿಯುತ್ತದೆ. ಫೆಬ್ರವರಿಯಲ್ಲಂತೂ ಎಬ್ಬಿಸಲೇಬಾರದು, ಮರುಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳೋ ಹೊತ್ತು ಅದು. ಜಿಪಿಎಸ್ ಕಟ್ಟಿದ ಪಟ್ಟೆತಲೆ ಹೆಬ್ಬಾತೊಂದು ಹಿಮಾಲಯದ ದಾರಿಯಲ್ಲಿ 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಗಿದೆ, ಅಷ್ಟು ಏರೋಕೆ ಬಂಡವಾಳ ನಮ್ಮ ಕಡ್ಲಿ ಹೊಲದ್ದೇ.

ಶಿರಹಟ್ಟಿ ಸೀಮಿ

ಹೆಗ್ಗೇರಿಯವ್ರ, ಬಂಡವಾಳ ನಮ್ಮ ರೈತನ್ದು ಖರೆ, ಬಡ್ಡಿ ಹಿಕ್ಕಿ ರೂಪದಾಗ ಹೊಲಕ್ಕ ಬರತೈತಿ ಅಂತ ಸಮಾಧಾನ ಮಾಡಿಕೋತಾರ ನಮ್ಮ ಮಂದಿ.

ಒಂದು ಬಿಟ್ಟಿದ್ದೆ. ದಂಡಿಗೆ ಸತ್ತ ಹಕ್ಕಿ ಕಂಡ್ರ ಹುಡುಗ್ರು ಗರಿ ಆರಿಸಾಕ ಹೋಗತಾರ, ಬಿಡಬ್ಯಾಡ್ರಿ. ಹಕ್ಕಿಜ್ವರಕ್ಕ ಈ ಹೆಬ್ಬಾತ ಭಾಳ ಬಲಿ ಆಗೂದು. 2005ರಾಗ ಚೀನಾದ ಚಿಂಗ್‌ಹಾಯ್ ಸರೋವರದಾಗ ಸಾವಿರಾರು ನೀರುಹಕ್ಕಿ ಸತ್ತಾಗ ಅದರಾಗ ಪಟ್ಟೆತಲಿವೇ ಹೆಚ್ಚು. ಕುತ್ತಿಗಿ ಎತ್ತಲಾರದ, ರೆಕ್ಕಿ ಜೋತುಬಿಟ್ಟು ಕುಂತದ್ದನ್ನೂ ಹಿಡಿಯಾಕ ಹೋಗಬ್ಯಾಡ್ರಿ. ಜಾಗಾ, ವ್ಯಾಳ್ಯಾ, ಎಷ್ಟು ಹಕ್ಕಿ ಬರಕೊಂಡು ದೂರಿಂದ ಒಂದು ಫೋಟೋ ತಗದು ಅರಣ್ಯ ಇಲಾಖಿಗೂ ಪಶು ದವಾಖಾನಿಗೂ ತಿಳಸ್ರಿ. ಬೂಟಿಗೆ ಹತ್ತಿದ ಕೆಸರು ಅಲ್ಲೇ ತೊಳದು ಒಣಗಿಸಿ ಬರ್ರಿ. ಮನ್ಯಾಗ ಕೋಳಿ ಸಾಕಿದ್ರ ಇದನ್ನ ಮರೀಬ್ಯಾಡ್ರಿ.

ಬುತ್ತಿ ಕಟಗೊಂಡ ಬರ್ರಿ, ಆದ್ರ ದಂಡಿಗೆ ಕುಂತು ಉಣಬ್ಯಾಡ್ರಿ. ಉಳಿದ ರೊಟ್ಟಿ ತುಣುಕಿಗೆ ಊರ ನಾಯಿ ಬೆನ್ನ ಹತ್ತತಾವ, ನಾಯಿ ಒಡ್ಡಿಗೆ ಬಂತು ಅಂದ್ರ ಹೆಬ್ಬಾತು ಎಲ್ಲಾ ಕೆರಿ ನಡುವಿಗೆ.